ಹೊಲಿಗೆ ಟೀಚರ ಬಲಗೈ

ಕರಗಿದ ಮೇಣಕ್ಕೆ ಒಂದು ವಾಸನೆ ಇದೆ. ದೇವರ ಕೋಣೆಯದೂ ಅಲ್ಲ, ಅಡುಗೆಮನೆಯದೂ ಅಲ್ಲ, ಎರಡರ ನಡುವೆ ಎಲ್ಲೋ ನಿಂತ ವಾಸನೆ. ಕಳೆದ ತಿಂಗಳು ಪುತ್ತೂರಿನ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಅಲ್ಲಿ ಕೆಲಸ ಮಾಡುವ ಹುಡುಗಿ ಸ್ಟೀಲಿನ ಪೆಟ್ಟಿಗೆಯ ಮುಚ್ಚಳ ತೆಗೆದು, "ಅಜ್ಜಿ, ಇದಕ್ಕೆ ವ್ಯಾಕ್ಸ್ ಬಾತ್ ಅಂತ ಹೇಳುದು. ಹೆದರ್ಬೇಡಿ, ಕೈ ಅದ್ದಿ" ಅಂದಾಗ ನನಗೆ ನಗು ಬಂತು. ಅರವತ್ತು ವರ್ಷಕ್ಕೂ ಹಿಂದೆ ನಾನೇ ವ್ಯಾಕ್ಸ್ ಬಾತ್ ಕಾಯಿಸಿದವಳು... ಕಾಯಿಸಿ ಒಬ್ಬರ ಕೈ ಸುಟ್ಟವಳು. ಹುಡುಗಿಗೆ ಅದನ್ನು ಹೇಳಲಿಲ್ಲ. ಪೆಟ್ಟಿಗೆಯ ಬದಿಯಲ್ಲಿ ಬಿಸಿ ಎಷ್ಟೆಂದು ತೋರಿಸುವ ಕೆಂಪು ಅಂಕಿ ಮಿನುಗುತ್ತಿತ್ತು. ನಮ್ಮ ಕಾಲಕ್ಕೆ ಅದಿರಲಿಲ್ಲ. ನಮಗೆ ಇದ್ದದ್ದು ಕೆನೆ.

ಕೈ ಸುಟ್ಟುಕೊಂಡವರು ನಮ್ಮ ಕಾನ್ವೆಂಟಿನ ಹೊಲಿಗೆ ಟೀಚರ್. ಸಿಸ್ಟರುಗಳ ನಡುವೆ ಸೀರೆ ಉಟ್ಟ ಕೆಲವೇ ಮಂದಿಯಲ್ಲಿ ಒಬ್ಬರು. ಮದುವೆ ಆಗಿರಲಿಲ್ಲ. ಹೊಲಿಗೆ ಕ್ಲಾಸಿನ ಹಿಂದೆ ಒಂದೇ ಕಿಟಕಿಯ ಕೋಣೆಯಲ್ಲಿ ಇರುತ್ತಿದ್ದರು. ಊರು ಕಡಬ, ಅಲ್ಲಿ ಒಬ್ಬ ತಂಗಿ ಇದ್ದರು. ನಲವತ್ತೆರಡೋ ನಲವತ್ತಮೂರೋ ವಯಸ್ಸು, ನಮ್ಮ ಕಣ್ಣಿಗೆ ಮುದುಕಿ. ಸಂಧಿವಾತದಿಂದ ಅವರ ಬೆರಳಿನ ಗೆಣ್ಣುಗಳೆಲ್ಲ ಊದಿಕೊಂಡಿದ್ದವು. ಬೆರಳುಗಳು ಕಿರುಬೆರಳಿನ ದಿಕ್ಕಿಗೆ, ಒಂದೇ ಕಡೆಯ ಗಾಳಿಗೆ ಸಿಕ್ಕಿದ ಪೈರಿನ ಹಾಗೆ, ಸ್ವಲ್ಪ ಸ್ವಲ್ಪ ವಾಲಲು ಶುರುವಾಗಿದ್ದವು. ಆ ಕೈಯಲ್ಲಿ ಅವರು ನಮಗೆ ಹೆಮ್ಮಿಂಗ್, ಹೆರಿಂಗ್‌ಬೋನ್, ಫೆದರ್ ಸ್ಟಿಚ್, ಎಲ್ಲಕ್ಕಿಂತ ಕಷ್ಟದ ಕಾಜ ಕಲಿಸುತ್ತಿದ್ದರು. ಗುಂಡಿ ತೂರಿಸಲು ಬಟ್ಟೆಯಲ್ಲಿ ಒಂದು ಸೀಳು, ಅದರ ಸುತ್ತ ಕೂದಲೆಳೆ ಸಂದು ಬಿಡದೆ ಹೊಲಿದ ಅಂಚು. "ಜಾತಕ ಎಂತಕ್ಕೆ ನೋಡುದು? ಹುಡುಗಿಯ ಕಾಜ ನೋಡಿದ್ರೆ ಸಾಕು," ಅನ್ನುತ್ತಿದ್ದರು.

ನಾನು ಸುಬ್ರಹ್ಮಣ್ಯದ ಹತ್ತಿರದ ಕೊಲ್ಲಮೊಗ್ರಿನವಳು. ಮನೆಯ ಮಾತು ಅರೆಭಾಷೆ, ನಮ್ಮ ಕಡೆಯ ಒಂದು ಬಗೆಯ ಕನ್ನಡ. ಅಪ್ಪ ಬೇಸಾಯದ ಜೊತೆಗೆ ಜೇನುಪೆಟ್ಟಿಗೆ ಇಟ್ಟಿದ್ದರು. ಆ ಕಾಲಕ್ಕೆ ನಮ್ಮಲ್ಲಿ ಹೈಸ್ಕೂಲು ಇರಲಿಲ್ಲ, ಇದ್ದಿದ್ದರೂ ಹುಡುಗಿಯನ್ನು ಕಳಿಸುವ ರೂಢಿ ಇರಲಿಲ್ಲ. ಅಪ್ಪ ಹೇಗೋ ಮನಸ್ಸು ಮಾಡಿ ಪುತ್ತೂರಿನ ಹಾಸ್ಟೆಲಿಗೆ ಹಾಕಿದ್ದರು, ಒಂದು ಕಂಡಿಶನ್ ಮೇಲೆ. ಸ್ಕೂಲಿನಿಂದ ಒಂದೇ ಒಂದು ಕಂಪ್ಲೇಂಟ್ ಬಂದರೂ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ. ಆಮೇಲೆ ಮದುವೆ. ಇದನ್ನು ಅಪ್ಪ ಮದರ್ ಎದುರಲ್ಲೇ ಹೇಳಿದ್ದರು. ಮದರ್ ಅಂದರೆ ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್.

ಹಾಸ್ಟೆಲಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಕೂಡದು, ಹೊಲಿಗೆ ಟೀಚರ ಹತ್ತಿರ ಮಾತ್ರ ಕನ್ನಡ ನಡೆಯುತ್ತಿತ್ತು. ಒಂಬತ್ತನೇ ಕ್ಲಾಸಿನಲ್ಲಿ ಒಂದು ಬೆಳಿಗ್ಗೆ ಕಾಲು ಕಲ್ಲಿಗೆ ತಾಗಿ ಉಗುರು ಎದ್ದಾಗ ನಾನು ಅರೆಭಾಷೆಯಲ್ಲಿ ಆ ಕಲ್ಲಿನ ವಂಶವನ್ನೇ ಬೈದೆ. ಕೇಳಿದವರು ಮದರ್. ಪನಿಶ್‌ಮೆಂಟ್ ಏನೆಂದರೆ, ಒಂದು ವಾರ ಬೆಳಗಿನ ಪ್ರೇಯರಿಗೆ ಮೊದಲೇ ಎದ್ದು ಬಚ್ಚಲಮನೆಯ ಒಲೆ ಹೊತ್ತಿಸಿ ಹೊಲಿಗೆ ಟೀಚರಿಗೆ ಸಹಾಯ ಮಾಡಬೇಕು. ಒಂದು ವಾರ ಅಂತ ಹೋದವಳು ಆ ವರ್ಷವಿಡೀ ಹೋದೆ.

ಕೈನೋವಿಗೆ ಅವರ ವಿಧಾನ ಹೀಗಿತ್ತು. ಚಾಪೆಲ್‌ನಲ್ಲಿ ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನು ಒಬ್ಬ ಸಿಸ್ಟರ್ ಡಬ್ಬದಲ್ಲಿ ಕೂಡಿಸಿ ಕೊಡುತ್ತಿದ್ದರು. ಅವನ್ನು ಒಂದು ಅಲ್ಯೂಮಿನಿಯಂ ಪಾತ್ರೆಗೆ ಹಾಕಿ, ಆ ಪಾತ್ರೆಯನ್ನು ಕುದಿಯುವ ನೀರಿನ ಮೇಲೆ ಇಟ್ಟು ಕರಗಿಸುವುದು. ಬತ್ತಿಯ ನೂಲು ಎತ್ತಿ ಬಿಸಾಡುವುದು. ನಾಲ್ಕು ಚಮಚ ತೆಂಗಿನೆಣ್ಣೆ. ಆಮೇಲೆ ಕೆಳಗಿಳಿಸಿ ಕಾಯುವುದು. ಸ್ವಲ್ಪ ಹೊತ್ತಿಗೆ ಮೇಲೆ ಹಾಲಿನ ಕೆನೆಯ ಹಾಗೆ ತೆಳ್ಳಗೆ ಬಿಳಿ ಪದರ ಕಟ್ಟುತ್ತದೆ. ಅದು ಕಟ್ಟಿತೋ, ಕೈ ತಡೆಯುವ ಬಿಸಿಗೆ ಬಂತು ಎಂದು ಲೆಕ್ಕ. ಅವರು ಮಣಿಕಟ್ಟಿನ ತನಕ ಕೈ ಅದ್ದಿ ತೆಗೆಯುತ್ತಿದ್ದರು. ಹೀಗೆ ಏಳು ಸಲ. ಏಳು ಪದರದ ಮೇಣದ ಗ್ಲೌಸ್. ಅದರ ಮೇಲೆ ಹಳೆ ಪಂಚೆಯ ತುಂಡು ಸುತ್ತಿ ಅವರು ಕಣ್ಣು ಮುಚ್ಚಿ ಕೂರುತ್ತಿದ್ದರು. ಹೊರಗೆ ಸಿಸ್ಟರುಗಳ ಪ್ರೇಯರ್ ಮುಗಿಯುವ ತನಕ.

ಆಮೇಲೆ ಮೇಣ ಸುಲಿದು, ಅದೇ ಬಿಸಿ ಮೇಣವನ್ನು ಉಂಡೆ ಮಾಡಿ ಹಿಚುಕುವುದು. ಮುಷ್ಟಿ ಕಟ್ಟು, ಬಿಡು. ಹೆಬ್ಬೆರಳನ್ನು ಒಂದೊಂದೇ ಬೆರಳಿನ ತುದಿಗೆ ಮುಟ್ಟಿಸು. ಅಂಗೈ ಮೇಜಿನ ಮೇಲೆ ಊರಿ ಬೆರಳುಗಳನ್ನು ಹೆಬ್ಬೆರಳಿನ ಕಡೆಗೆ ಒಂದೊಂದಾಗಿ ನಡೆಸು. ವಾಲುವ ದಿಕ್ಕಿಗೆ ಎದುರು. "ಇದು ಎಂತ ಡ್ರಿಲ್ ಟೀಚರ್?" ಅಂತ ಮೊದಲ ದಿನ ಕೇಳಿದೆ. "ಫಿಸಿಯೋಥೆರಪಿ," ಅಂದರು, ಪ್ರತಿ ಅಕ್ಷರ ಬಿಡಿಸಿ, ಬೋರ್ಡಿನ ಮೇಲೆ ಬರೆಯುವವರ ಹಾಗೆ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮೂರು ತಿಂಗಳು ಮಲಗಿದ್ದಾಗ ಅಲ್ಲಿದ್ದ ಒಬ್ಬ ವಿದೇಶದ ನರ್ಸ್ ಕಲಿಸಿದ್ದಂತೆ. ಡಾಕ್ಟರು ಹೇಳಿದ್ದು, ಇದು ಹೋಗುವ ಕಾಯಿಲೆ ಅಲ್ಲ, ಒಟ್ಟಿಗೇ ಇರುವುದು. ನರ್ಸ್ ಹೇಳಿದ್ದು, ಹಾಗಾದರೆ ಅದಕ್ಕೆ ಮ್ಯಾನರ್ಸ್ ಕಲಿಸಬೇಕು.

ಕೆಲವು ಬೆಳಿಗ್ಗೆ ನೋವು ಏರಿ ಬರುತ್ತಿತ್ತು. ಗೆಣ್ಣುಗಳು ಕೆಂಪಗೆ, ಮುಟ್ಟಿದರೆ ಕೆಂಡ. ಜಡೆ ಹೆಣೆಯಲು ಆಗುತ್ತಿರಲಿಲ್ಲ, ನಾನೇ ಹೆಣೆಯುತ್ತಿದ್ದೆ. ಅಂಥ ದಿನ ಅವರು, "ನೆಂಟ್ರು ಬಂದಿದ್ದಾರೆ ಮಾರಾಯ್ತಿ," ಅನ್ನುತ್ತಿದ್ದರು.

"ಹಾಗಾದ್ರೆ ಇವತ್ತು ಡ್ರಿಲ್ ಬೇಡ ಅಲ್ವಾ ಟೀಚರ್?"

"ಅರ್ಧ ಮಾಡುದು. ನೆಂಟ್ರಿಗೆ ಚಾಪೆ ಹಾಕ್ಬೇಕು. ಮನೆಯ ಬೀಗದ ಕೈ ಕೊಡ್ಲಿಕ್ಕೆ ಇಲ್ಲ."

ಅಂಥ ದಿನಗಳಲ್ಲಿ ಅವರು ಹಳೆ ರಿಜಿಸ್ಟರಿನ ರಟ್ಟನ್ನು ಕತ್ತರಿಸಿ ಮಣಿಕಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದರು. ಸೂಜಿ ಮುಟ್ಟುತ್ತಿರಲಿಲ್ಲ, ಬಾಯಲ್ಲೇ ಪಾಠ. ಡ್ರಿಲ್ ಮಾಡಿದ ಮೇಲೆ ನೋವು ಎರಡು ಗಂಟೆಗಿಂತ ಹೆಚ್ಚು ಕೂತರೆ ಮರುದಿನ ಕಡಿಮೆ, ಅಷ್ಟರೊಳಗೆ ಎದ್ದು ಹೋದರೆ ಮರುದಿನ ಅಷ್ಟೇ. ಅವರಿಗೆ ಗಡಿಯಾರ ಬೇಕಿರಲಿಲ್ಲ, ಪಿರಿಯಡ್ ಬೆಲ್ ಇತ್ತು. ಮೂರನೇ ಬೆಲ್ಲಿಗೆ ಕೈಯನ್ನು ತಾನೇ ನೋಡಿ, "ಹೋದ್ರು," ಅಂತ ಅರ್ಧ ಸ್ವರದಲ್ಲಿ ಹೇಳುತ್ತಿದ್ದರು. ಕ್ಲಾಸಿನಲ್ಲಿ ಯಾರು ಹೋದದ್ದೆಂದು ನನಗೊಬ್ಬಳಿಗೇ ಗೊತ್ತು.

ಎಲ್ಲರೂ ಅವರಿಗೆ ಹೇಳುತ್ತಿದ್ದದ್ದು ಒಂದೇ. ಮಲಗಿ. ರೆಸ್ಟ್ ತೆಗೆದುಕೊಳ್ಳಿ. ಕೈಗೆ ಕೆಲಸ ಕೊಡಬೇಡಿ. ಅವರು ಯಾರ ಜೊತೆಯೂ ವಾದ ಮಾಡುತ್ತಿರಲಿಲ್ಲ. ಕೇಳಿ, ತಲೆಯಾಡಿಸಿ, ಮರುದಿನ ಬೆಳಿಗ್ಗೆ ಮೇಣ ಕಾಯಿಸುತ್ತಿದ್ದರು. ಆಬ್‌ಸ್ಟಿನೇಟ್ ಅಂದರೆ ಹಟಮಾರಿ ಎಂದು ನಾನು ಡಿಕ್ಷನರಿ ನೋಡಿ ಕಲಿತದ್ದಲ್ಲ.

ಆ ವರ್ಷ ಕ್ರಿಸ್‌ಮಸ್ ರಜೆಗೆ ಮೊದಲು ಹಾಸ್ಟೆಲಿನಲ್ಲಿ ಒಂದು ಮಾತು ಹರಡಿತು. ಮಂಗಳೂರಿನಿಂದ ಟೈಲರಿಂಗ್ ಡಿಪ್ಲೊಮಾ ಆದ ಹೊಸ ಟೀಚರ್ ಬರುತ್ತಾರಂತೆ. ಮದರ್ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಲಿಗೆ ಟೀಚರನ್ನು ಬೀದಿಗೆ ಹಾಕುವ ಯೋಚನೆ ಅವರಿಗೆ ಇರಲಿಲ್ಲ. ಕೋಣೆ ಇರಲಿ, ಊಟ ಇರಲಿ, ಚಾಪೆಲ್‌ನಲ್ಲಿ ಆಲ್ಟರಿಗೆ ಹೂ ಇಡುವ ಕೆಲಸ ಮಾಡಿಕೊಂಡು ನೆಮ್ಮದಿಯಾಗಿ ಇರಲಿ, ಎಂದು ಅವರ ಮನಸ್ಸು. ಅದನ್ನು ಹೇಳಲು ಅವರು ಹೊಲಿಗೆ ಕ್ಲಾಸಿಗೇ ಬಂದರು. ನಾನು ಮೂಲೆಯಲ್ಲಿ ಕತ್ತರಿಗಳನ್ನು ಒರೆಸುತ್ತಿದ್ದೆ.

ಟೀಚರ್ ಕೇಳಿಸಿಕೊಂಡರು. ಕೊನೆಗೆ, "ಹೂ ಎಲ್ಲ ನಾನು ಸತ್ತ ಮೇಲೆ ಇಡಿ ಮದರ್. ಈಗ ಕ್ಲಾಸು ಉಂಟು," ಅಂದರು.

ಮದರ್ ಮುಖ ಬಿಗಿಯಿತು. ಫೆಬ್ರವರಿಯಲ್ಲಿ ಸ್ಕೂಲು ನೋಡಲು ಇನ್‌ಸ್ಪೆಕ್ಟ್ರೆಸ್ ಬರುತ್ತಾರೆ, ಅವರ ಎದುರು ಟೀಚರ್ ತನ್ನ ಕೈಯಿಂದ ಡೆಮಾನ್‌ಸ್ಟ್ರೇಶನ್ ಕೊಡಲಿ, ಕೊಟ್ಟರೆ ಕ್ಲಾಸು ಅವರದೇ, ಇಲ್ಲದಿದ್ದರೆ ಜೂನಿನಿಂದ ಹೊಸಬರು, ಎಂದು ಹೇಳಿ ಹೋದರು. ಟೀಚರ್ ನನ್ನ ಕಡೆ ತಿರುಗಿ, "ಕಿವಿ ಒರೆಸಿದ್ದು ಸಾಕು, ಕತ್ತರಿ ಒರೆಸು," ಅಂದರು.

ರಜೆಗೆ ಮನೆಗೆ ಹೋದಾಗ ನನ್ನ ತಲೆಯಲ್ಲಿ ಅದೇ. ಅವ್ವನಿಗೆ ಹೇಳಿದೆ. ನಮ್ಮ ಮನೆಯಲ್ಲಿ ಜೇನುಮೇಣ ಅಂದರೆ ಸರ್ವರೋಗಕ್ಕೂ ಮದ್ದು. ಹಿಮ್ಮಡಿ ಒಡೆದರೆ ಅದು, ತುಟಿ ಒಡೆದರೆ ಅದು, ದನದ ಕೆಚ್ಚಲು ಬಿರಿದರೆ ಅದು. ಹಿಂದಿನ ಬೇಸಿಗೆಯಲ್ಲಿ ಜೇನಿನ ತಟ್ಟೆ ಹಿಂಡಿ ಸೋಸಿ ಇಟ್ಟ ಹಳದಿ ಮೇಣದ ಎರಡು ದೊಡ್ಡ ಬಿಲ್ಲೆಗಳನ್ನು ಅವ್ವ ಬಾಳೆಲೆಯಲ್ಲಿ ಕಟ್ಟಿಕೊಟ್ಟಳು. ಸತ್ತ ಮೇಣದಬತ್ತಿಯ ಮಸಿ ತುಂಡು ಎಲ್ಲಿ, ನಮ್ಮ ಮನೆಯ ಜೇನುಮೇಣ ಎಲ್ಲಿ. ಸುಬ್ರಹ್ಮಣ್ಯದಿಂದ ಪುತ್ತೂರಿನ ತನಕ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ಅದನ್ನು ಪೆಟ್ಟಿಗೆಯಲ್ಲಿ ಕಾದಿಟ್ಟು, ಇನ್‌ಸ್ಪೆಕ್ಷನ್ನಿಗೆ ಆರು ದಿನ ಇರುವಾಗ ಹಾಕಿದೆ. ಸರ್‌ಪ್ರೈಸ್ ಆಗಿರಲಿ ಅಂತ ಹೇಳಲಿಲ್ಲ. ಹಳೆ ಮೇಣ ಪೂರಾ ತೆಗೆದಿಟ್ಟು, ಪಾತ್ರೆ ತೊಳೆದು, ಎರಡೂ ಬಿಲ್ಲೆ ಕರಗಿಸಿದೆ. ಜೇನುಮೇಣ ತಾನೇ ಮೃದು ಎಂದುಕೊಂಡು ಎಣ್ಣೆ ಕೂಡ ಹಾಕಲಿಲ್ಲ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಬಚ್ಚಲಮನೆಯಲ್ಲಿ ಒಲೆಯ ಬೆಳಕು ಮಾತ್ರ. ಟೀಚರ್ ಬಂದು ಮೂಗು ಅರಳಿಸಿದರು.

"ಎಂತ ಇದು, ಅತ್ತರ್ ಹಾಕಿದ್ದೀಯಾ?"

ನಾನು ನಕ್ಕೆ. ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಅವರು ಬಗ್ಗಿ ನೋಡಿದರು. ಕೆನೆ ಕಟ್ಟಿತ್ತು. ಬಲಗೈ ಅದ್ದಿದರು.

ಜೇನುಮೇಣ ಮೇಣದಬತ್ತಿಯ ಮೇಣಕ್ಕಿಂತ ಬೇಗ ಗಟ್ಟಿಯಾಗುತ್ತದೆ. ಅಂದರೆ, ಅದು ಇನ್ನೂ ಸುಡುವಷ್ಟು ಬಿಸಿ ಇರುವಾಗಲೇ ಮೇಲೆ ಕೆನೆ ಕಟ್ಟಿಬಿಡುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಜೇನಿನ ಮನೆಯ ಹುಡುಗಿಗೆ ಗೊತ್ತಿರಬೇಕಾದದ್ದು. ನಮ್ಮಲ್ಲಿ ಅದನ್ನು ಕರಗಿಸುತ್ತಿದ್ದರು, ಆರಿದ ಮೇಲೆ ಹಚ್ಚುತ್ತಿದ್ದರು. ಯಾರೂ ಅದರೊಳಗೆ ಕೈ ಅದ್ದಿದವರಲ್ಲ...

ಅವರು ಕಿರುಚಲಿಲ್ಲ. ಉಸಿರು ಒಳಗೆ ಎಳೆದುಕೊಂಡ ಶಬ್ದ ಮಾತ್ರ ಕೇಳಿತು. ಕೈ ತೆಗೆದು ಪಕ್ಕದ ತಣ್ಣೀರ ಬಕೆಟ್ಟಿಗೆ ಹಾಕಿದರು. ಮೇಣ ನೀರಿನಲ್ಲಿ ಕಲ್ಲಾಯಿತು. ಅದನ್ನು ನಾನೇ ಸುಲಿದೆ. ಕೈಯ ಹಿಂಬದಿ ಮತ್ತು ಎರಡು ಬೆರಳು ಕೆಂಪಗಾಗಿ ನೋಡನೋಡುತ್ತಿದ್ದಂತೆ ಗುಳ್ಳೆ ಎದ್ದವು.

"ಎಂತ ಹಾಕಿದ್ದು?"

ಹೇಳಿದೆ.

ಅವರು ಪಾತ್ರೆಯನ್ನು ನೋಡಿದರು. "ಕೆನೆ ಅದೇ. ಹಾಲು ಬೇರೆ," ಅಂದರು. ಆಮೇಲೆ, "ಇದನ್ನು ಯಾರಿಗೂ ಹೇಳ್ಲಿಕ್ಕಿಲ್ಲ. ನಿನ್ನಪ್ಪ ಪೆಟ್ಟಿಗೆ ಕಟ್ಟಿಸ್ತಾರೆ. ಅಳುದು ಆಮೇಲೆ ಅಳು, ಈಗ ಉಪ್ಪುನೀರು ತಾ. ಆರು ದಿನ ಉಂಟು ನಮಗೆ."

ನಮಗೆ, ಅಂದರು.

ಮದರ್ ಕೇಳಿದಾಗ ಟೀಚರ್, "ಬಿಸಿ ನಾನು ಸರಿ ನೋಡ್ಲಿಲ್ಲ," ಅಂದರಂತೆ. ನನ್ನನ್ನು ಉಳಿಸಲು ಹೇಳಿದ ಆ ಒಂದು ವಾಕ್ಯ ಅವರ ಕುತ್ತಿಗೆಗೇ ಬಂತು. ಅಷ್ಟು ಬಿಸಿ ತಿಳಿಯದಿದ್ದರೆ ಆ ಬೆರಳುಗಳಲ್ಲಿ ಸ್ಪರ್ಶವೇ ಉಳಿದಿಲ್ಲ ಎಂದು ಮದರ್ ತೀರ್ಮಾನಿಸಿದರು. ಮಕ್ಕಳ ನಡುವೆ ಸೂಜಿ, ಕತ್ತರಿ, ಇಸ್ತ್ರಿಪೆಟ್ಟಿಗೆ... ಸ್ಪರ್ಶವಿಲ್ಲದ ಕೈಗೆ ಅದನ್ನು ಹೇಗೆ ಬಿಡುವುದು. ಹಾಸ್ಟೆಲಿನಲ್ಲೆಲ್ಲ ಇದೇ ಮಾತು. ನಾನು ಒಂದು ಮಾತಾಡಿದರೆ ಸಾಕಿತ್ತು. ಆಡಲಿಲ್ಲ. ರಾತ್ರಿ ಊಟದ ತಟ್ಟೆಯ ಮುಂದೆ ಕೂತಾಗ ಅಪ್ಪನ ಮುಖ ಕಾಣುತ್ತಿತ್ತು.

ಆ ಆರು ದಿನ ಅವರು ಮಾಡಿದ್ದನ್ನು ನಾನು ಇವತ್ತಿನ ತನಕ ಇನ್ನೊಬ್ಬರು ಮಾಡಿದ್ದು ನೋಡಿಲ್ಲ. ಸುಟ್ಟ ಕೈಯನ್ನು ಕಟ್ಟಿ ಸುಮ್ಮನೆ ಇಟ್ಟರೆ ಚರ್ಮ ಬಿಗಿದುಕೊಂಡು ಬೆರಳು ಮಡಚಲು ಬರುವುದಿಲ್ಲ, ಮಡಚದಿದ್ದರೆ ಮೊದಲೇ ಕಾದು ಕೂತ ಕೀಲುಗಳು ಹಿಡಿದುಕೊಳ್ಳುತ್ತವೆ. ಹಾಗಾಗಿ ಪ್ರತಿ ಬೆಲ್ಲಿಗೂ ಬ್ಯಾಂಡೇಜ್ ಬಿಚ್ಚಿ, ಕಾಯಿಸಿ ಆರಿಸಿದ ಉಪ್ಪುನೀರಿನಲ್ಲಿ ಕೈ ಮುಳುಗಿಸಿ, ಮುಷ್ಟಿ ಅರ್ಧ ಕಟ್ಟುವುದು, ಬಿಡುವುದು. ಹತ್ತು ಸಲ. ಮೊದಲ ದಿನ ನಾಲ್ಕಕ್ಕೇ ನಿಂತಿತು. ತುಟಿ ಕಚ್ಚಿ, "ನಾಲ್ಕು ಅಂದ್ರೆ ನಾಲ್ಕು. ಸೊನ್ನೆ ಅಲ್ಲ," ಅಂದರು. ಎರಡನೇ ದಿನ ನೆಂಟರೂ ಬಂದರು, ಎರಡೂ ಭುಜಗಳಿಗೆ. ಆ ದಿನವೂ ಎರಡು ಸಲ ಮಾಡಿದರು. ಮಧ್ಯದಲ್ಲಿ ಎಡಗೈಗೆ ಪಾಠ. ಬಟ್ಟೆಯನ್ನು ಒಂದು ಗಟ್ಟಿ ದಿಂಬಿಗೆ ಪಿನ್ ಮಾಡಿ, ಎಡಗೈಯಲ್ಲಿ ಸೂಜಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ನೂಲು ಒತ್ತಿ ಹಿಡಿಯುವುದು. ಎಡಗೈಯ ಮೊದಲ ಕಾಜ ಕೋಳಿ ಕೆದಕಿದ ಹಾಗಿತ್ತು. ನನಗೆ ತೋರಿಸಿ, "ನಿನ್ನದಕ್ಕಿಂತ ಅಡ್ಡಿ ಇಲ್ಲ," ಅಂದರು.

ಇನ್‌ಸ್ಪೆಕ್ಟ್ರೆಸ್ ಬಂದರು. ಎತ್ತರದ ಹೆಂಗಸು, ಕಂಕುಳಲ್ಲಿ ಕೊಡೆ, ನಗದ ಮುಖ. ನಮ್ಮ ಸ್ಯಾಂಪಲ್ ಬಟ್ಟೆಗಳನ್ನೆಲ್ಲ ಮಗುಚಿ ಹಾಕಿ ಹಿಂಬದಿ ನೋಡಿದರು. ನಾವು ಮೂವತ್ತು ಹುಡುಗಿಯರೂ ಒಂದೊಂದು ಕಾಜ ಹೊಲಿಯುತ್ತ ಕೂರಬೇಕೆಂದು ಆಜ್ಞೆಯಾಯಿತು. ಆಮೇಲೆ ಮದರ್ ತಗ್ಗಿದ ಸ್ವರದಲ್ಲಿ, ಟೀಚರಿಗೆ ಹುಷಾರಿಲ್ಲ, ಬೇರೆ ವ್ಯವಸ್ಥೆ ಆಗಿದೆ, ಡೆಮಾನ್‌ಸ್ಟ್ರೇಶನ್ ಬಿಟ್ಟುಬಿಡಬಹುದು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅದು ದಯೆಯೇ.

"ನಾನು ಕೊಡ್ತೇನೆ ಮೇಡಂ," ಅಂದರು ಟೀಚರ್. ಬ್ಯಾಂಡೇಜ್ ಬಿಚ್ಚಿದರು. 

ಸೂಜಿಗೆ ನೂಲು ಪೋಣಿಸಲು ಮೂರು ಸಲ ಬೇಕಾಯಿತು. ದಿಂಬಿನ ಮೇಲೆ ಬಟ್ಟೆ, ಸೀಳು, ಮೊದಲ ಹೊಲಿಗೆ. ಅವರು ಬಾಯಿ ಬಿಡಲಿಲ್ಲ, ವಿವರಿಸಲಿಲ್ಲ. ಹೊಲಿದರು. ಹತ್ತು ಹೊಲಿಗೆ ಆಗುವಾಗ ಹಣೆಯ ಬೆವರು ಮೂಗಿನ ತುದಿಗೆ ಬಂತು. ಅರ್ಧಕ್ಕೆ ಬಂದಾಗ ಸೂಜಿ ಚುಚ್ಚಿ ನಿಲ್ಲಿಸಿ ಎರಡೂ ಕೈ ಮೇಜಿನ ಕೆಳಗೆ ತೆಗೆದುಕೊಂಡರು. ಆಗಲಿಲ್ಲ, ಬಿಟ್ಟುಬಿಟ್ಟರು ಎಂದು ಎಲ್ಲರೂ ಅಂದುಕೊಂಡರು. ನಾನು ಮುಂದಿನ ಬೆಂಚಿನಲ್ಲಿದ್ದೆ, ನನಗೆ ಅವರ ತುಟಿ ಕಾಣುತ್ತಿತ್ತು. ಒಂದು, ಎರಡು, ಮೂರು... ಹತ್ತರ ತನಕ ಎಣಿಸಿದರು. ಮತ್ತೆ ಕೈ ಮೇಲೆ ಬಂತು. ಮತ್ತೆ ಸೂಜಿ.

ಬೆಲ್ ಹೊಡೆಯಿತು. ಯಾರೂ ಏಳಲಿಲ್ಲ. ಮುಂದಿನ ಕ್ಲಾಸಿನ ಹುಡುಗಿಯರು ವರಾಂಡದಲ್ಲಿ ಸಾಲು ನಿಂತು ಇಣುಕುತ್ತಿದ್ದರು. ಮದರ್ ಒಮ್ಮೆ ವಾಚು ನೋಡಿದರು. ಇನ್‌ಸ್ಪೆಕ್ಟ್ರೆಸ್ ಕೊಡೆಯನ್ನು ಗೋಡೆಗೆ ಒರಗಿಸಿ, ಕುರ್ಚಿ ಎಳೆದುಕೊಂಡು ಕೂತರು.

ಒಂದು ಕಾಜಕ್ಕೆ ಒಂದು ಪಿರಿಯಡ್ ಮತ್ತು ಸ್ವಲ್ಪ. ಟೀಚರ್ ನೂಲು ಕಚ್ಚಿ ಕತ್ತರಿಸಿ, ಬಟ್ಟೆ ಬಿಚ್ಚಿ, ಎದ್ದು ಹೋಗಿ ಕೊಟ್ಟರು. ಇನ್‌ಸ್ಪೆಕ್ಟ್ರೆಸ್ ತಿರುಗಿಸಿ ನೋಡಿದರು, ಹಿಂದೆ ನೋಡಿದರು, ಎರಡು ಬೆರಳು ತೂರಿಸಿ ಜೋರಾಗಿ ಜಗ್ಗಿದರು.

"ತುಂಬ ನಿಧಾನ," ಅಂದರು.

"ಹೌದು ಮೇಡಂ. ಬಿಚ್ಚುದಿಲ್ಲ."

ಇನ್‌ಸ್ಪೆಕ್ಟ್ರೆಸ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮದರ್ ಮುಂದೆ ಬಂದು, ಹೊಲಿಗೆಯ ಪ್ರಶ್ನೆ ಅಲ್ಲ, ಕುದಿಯುವ ಮೇಣ ತಿಳಿಯದ ಬೆರಳಿನ ಪ್ರಶ್ನೆ, ಮಕ್ಕಳ ಸೇಫ್ಟಿಯ ಪ್ರಶ್ನೆ, ಎಂದರು.

ನಾನು ಎದ್ದು ನಿಂತೆ. ಯಾರೋ ಹಿಂದಿನಿಂದ ನೂಕಿದ ಹಾಗೆ. "ಮದರ್, ದ ವ್ಯಾಕ್ಸ್ ವಾಸ್ ಮೈನ್," ಅಂದೆ. ಆಮೇಲೆ ನನ್ನ ಇಂಗ್ಲಿಷ್ ಮುಗಿಯಿತು. ಉಳಿದದ್ದನ್ನು ಕನ್ನಡದಲ್ಲೂ ಅರೆಭಾಷೆಯಲ್ಲೂ ಕಲಸಿ, ಅಳುತ್ತ ಹೇಳಿದೆ. ಅಪ್ಪನ ಜೇನು, ಅವ್ವನ ಬಾಳೆಲೆ, ಕೆನೆ ಬೇಗ ಕಟ್ಟಿದ್ದು, ಟೀಚರ್ ನೋಡಿಯೇ ಕೈ ಅದ್ದಿದ್ದು, ಸುಳ್ಳು ಹೇಳಿದ್ದು ನನಗಾಗಿ ಎಂದು.

ಟೀಚರ ಮುಖ ನೋಡಿದೆ. ಅಲ್ಲಿ ಕೃತಜ್ಞತೆ ಇರಲಿಲ್ಲ. ಕೋಪ ಇತ್ತು, ನಾನು ಎಂದೂ ನೋಡದಂಥ ಕೋಪ.

"ಕೂತ್ಕೊ. ನಿನ್ನನ್ನು ಯಾರು ಕೇಳಿದ್ದು? ನಿನ್ನ ಕಾಜ ಎಲ್ಲಿಗೆ ಮುಟ್ಟಿತು?"

ಕ್ಲಾಸಿಗೆ ಕ್ಲಾಸೇ ನಕ್ಕಿತು. ಇನ್‌ಸ್ಪೆಕ್ಟ್ರೆಸ್ ಕೂಡ ನಕ್ಕರು, ಅಥವಾ ಕೆಮ್ಮಿದರು. ರಿಪೋರ್ಟಿನಲ್ಲಿ ಏನು ಬರೆದರೋ ನಾವು ನೋಡಿಲ್ಲ. ಹೊಸ ಟೀಚರ್ ಬರಲಿಲ್ಲ. ನನಗೆ ಎರಡು ತಿಂಗಳು ಭಾನುವಾರದ ಔಟಿಂಗ್ ಇಲ್ಲ ಎಂದಾಯಿತು. ಅಪ್ಪನಿಗೆ ಕಾಗದ ಹೋಗಲಿಲ್ಲ. ಮದರ್ ಅದನ್ನು ಬರೆದು, ಅಂಟಿಸಿ, ಮೇಜಿನ ಮೇಲೆ ಇಟ್ಟಿದ್ದನ್ನು ನಾನು ನೋಡಿದ್ದೆ. ಯಾಕೆ ಕಳಿಸಲಿಲ್ಲವೋ... ಕೇಳುವ ಧೈರ್ಯ ಯಾರಿಗಿತ್ತು.

ಟೀಚರ್ ನನ್ನ ಜೊತೆ ಮಾತು ಬಿಟ್ಟರು. ಬೆಳಿಗ್ಗೆ ಒಲೆ ಹೊತ್ತಿಸಲು ಹೋದರೆ ಅವರೇ ಹೊತ್ತಿಸಿ ಆಗಿರುತ್ತಿತ್ತು. ಎರಡು ವಾರ ಹೀಗೇ ಹೋಯಿತು. ಒಂದು ದಿನ ಕ್ಲಾಸಿನಲ್ಲಿ ನನ್ನ ಬೆಂಚಿನ ಹತ್ತಿರ ನಿಂತು, ನನ್ನ ಹೊಲಿಗೆ ಕೈಗೆ ತೆಗೆದುಕೊಂಡು, ಪೂರಾ ಬಿಚ್ಚಿ, "ಪುನಃ ಮಾಡು. ಮತ್ತೆ ನಾಳೆಗೆ ಕಟ್ಟಿಗೆ ಒದ್ದೆ ಉಂಟು, ಬೇಗ ಬಾ," ಅಂದರು. ಅಷ್ಟೇ. ಸುಟ್ಟ ಜಾಗದಲ್ಲಿ ಹೊಸ ಚರ್ಮ ಬಂದಿತ್ತು, ನುಣ್ಣಗೆ, ತಿಳಿ ಬಣ್ಣದ್ದು.

ನಾನು ಎಸ್ಸೆಸೆಲ್ಸಿ ಮುಗಿಸಿ, ಟೀಚರ್ಸ್ ಟ್ರೈನಿಂಗ್ ಮಾಡಿ, ಮಂಡೆಕೋಲಿನ ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ. ಆ ಇನ್‌ಸ್ಪೆಕ್ಷನ್ ಆದ ಮೇಲೆ ಅವರು ಇನ್ನೂ ನಾಲ್ಕು ವರ್ಷ ಹೊಲಿಗೆ ಕಲಿಸಿದರಂತೆ. ಆಮೇಲೆ ತಾನೇ ಬಿಟ್ಟರಂತೆ, ಯಾರೂ ಬಿಡಿಸಿದ್ದಲ್ಲ. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಶನಿವಾರ ಬಸ್ಸು ಬದಲಿಸಿ ಬದಲಿಸಿ ಕಡಬಕ್ಕೆ ಹೋದೆ. ತಂಗಿಯ ಮನೆ, ಪೇಟೆಯಿಂದ ಸ್ವಲ್ಪ ಒಳಗೆ. ಅವರು ಜಗಲಿಯ ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಗೋಡೆಯ ಮೇಲೆ ಜೇಡನ ಹಾಗೆ ನಡೆಸಿಕೊಂಡು ಕೈ ಮೇಲಕ್ಕೆ ಹತ್ತಿಸುತ್ತಿದ್ದರು. ಕೈ ಎಲ್ಲಿ ನಿಂತಿತೋ ಅಲ್ಲಿ ಇದ್ದಿಲಿನಿಂದ ಒಂದು ಗೆರೆ. ಪಕ್ಕದಲ್ಲಿ ತಿಂಗಳ ಮೊದಲ ಅಕ್ಷರ. ಗೋಡೆಯ ತುಂಬ ಗೆರೆಗಳು. ಮೊದಲಿನವು ತಲೆಗಿಂತ ಮೇಲೆ, ಆಮೇಲಿನವು ಕಿವಿಯ ಎತ್ತರಕ್ಕೆ, ಹೊಸವು ಭುಜಕ್ಕೆ.

ನಾನು ನೋಡುತ್ತಿದ್ದದ್ದನ್ನು ಅವರು ನೋಡಿದರು. "ಇಳೀತಾ ಉಂಟು," ಅಂದರು, ಬಾವಿಯ ನೀರಿನ ವಿಷಯ ಹೇಳುವ ಹಾಗೆ.

"ಮತ್ತೆ ಯಾಕೆ ಟೀಚರ್ ಗೆರೆ ಹಾಕುದು? ಬೇಜಾರಾಗುದಿಲ್ವಾ?"

"ಹಾಕದಿದ್ರೆ ಇಳಿಯುದಿಲ್ವಾ? ಡ್ರಿಲ್ ಬಿಟ್ಟಿದ್ರೆ ಈ ಹೊತ್ತಿಗೆ ಸೊಂಟದ ಹತ್ರ ಇರ್ತಿತ್ತು. ಅದನ್ನು ನಾನು ಹಾಗೇ ಬಿಟ್ಟುಕೊಡುದಿಲ್ಲ. ಒಂದೊಂದು ಇಂಚಿಗೂ ಅದು ನನ್ನ ಹತ್ರ ಜಗಳ ಆಡ್ಬೇಕು."

ಊಟ ಆದ ಮೇಲೆ, ಅಷ್ಟು ವರ್ಷ ಹೊತ್ತುಕೊಂಡಿದ್ದ ಸಾರಿ ಹೇಳಿದೆ. ಸುಟ್ಟದ್ದಕ್ಕೆ. ಅವರು ಕೈಬೀಸಿ ಅದನ್ನು ಆಚೆ ಹಾಕಿದರು. ಅದು ಮೇಣದ ಗುಣ, ನೀನೇನು ಮಾಡುತ್ತಿ, ಅಂದರು. ಆಮೇಲೆ ಹೇಳಿದರು:

"ನೀನು ಎದ್ದು ನಿಂತದ್ದು ಮಾತ್ರ... ಅದು ಬೇಕಿರ್ಲಿಲ್ಲ. ನನ್ನ ಕಾಜ ಸಾಕಿತ್ತು."

"ಸಾಕಿತ್ತಾ ಟೀಚರ್?"

ಅವರು ಯೋಚಿಸಿದರು. ಆಮೇಲೆ ನಕ್ಕರು, ನನ್ನ ಇಡೀ ಹೈಸ್ಕೂಲಿನಲ್ಲಿ ನಾನು ಕೇಳದಿದ್ದ ಒಂದು ದೊಡ್ಡ ನಗು. "ಗೊತ್ತಿಲ್ಲ ಮಾರಾಯ್ತಿ. ನೀನು ನೋಡ್ಲಿಕ್ಕೆ ಬಿಡ್ಲೇ ಇಲ್ಲ ಅಲ್ವಾ."

ಆ ಮಾತನ್ನು ನಾನು ಆಗ ತಮಾಷೆ ಎಂದು ತೆಗೆದುಕೊಂಡೆ. ಬಸ್ಸಿನಲ್ಲಿ ಕೂತ ಮೇಲೆ ಅಲ್ಲ ಅನ್ನಿಸಿತು. ಇನ್‌ಸ್ಪೆಕ್ಟ್ರೆಸ್ ಬಾಯಿ ತೆರೆದಿದ್ದರು. ಅವರು ಏನು ಹೇಳುತ್ತಿದ್ದರು? ಆ ಕೈ ತನ್ನ ಮಾತನ್ನು ತಾನೇ ಆಡಿ ಮುಗಿಸಿತ್ತು, ಉತ್ತರ ಬರುವ ಮೊದಲೇ ನಾನು ಅಡ್ಡ ಬಂದೆ. ನಾನು ನಿಜ ಹೇಳಿದೆ, ತಪ್ಪು ಮಾಡಿಲ್ಲ. ಆದರೂ ಗೆದ್ದದ್ದು ಕಾಜವೋ, ಒಬ್ಬ ಅಳುವ ಹುಡುಗಿಯ ಮೇಲಿನ ಕನಿಕರವೋ, ಅವರಿಗೆ ಕೊನೆಯ ತನಕ ತಿಳಿಯದ ಹಾಗೆ ಮಾಡಿದವಳು ನಾನೇ.

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವಾಗ ತಿಂಗಳುಗಳೇ ಕಳೆದಿದ್ದವು. ಹೋದೆ. ತಂಗಿ ಕಾಫಿ ಕೊಟ್ಟರು. ಮನೆಯಲ್ಲಿ ಯಾವುದೋ ಶುಭಕಾರ್ಯ ಇದ್ದುದರಿಂದ ಜಗಲಿಯ ಗೋಡೆಗೆ ಸುಣ್ಣ ಬಳಿದಾಗಿತ್ತು. ತಪ್ಪು ಹೇಳಲಾರೆ, ಕರಿಗೆರೆಯ ಗೋಡೆಯ ಎದುರು ಯಾರು ನೆಂಟರನ್ನು ಕೂರಿಸುತ್ತಾರೆ. ಕೊನೆಯ ಗೆರೆ ಎಲ್ಲಿತ್ತು ಎಂದು ಕೇಳಿದೆ. ತಂಗಿ ತನ್ನ ಎದೆಯ ಎತ್ತರಕ್ಕೆ ಕೈ ಹಿಡಿದು ತೋರಿಸಿದರು. ಆಮೇಲೆ ಸ್ವಲ್ಪ ಯೋಚಿಸಿ, ಕೈಯನ್ನು ಒಂದು ಇಂಚು ಮೇಲೆ ಮಾಡಿದರು.

ಈಗ ನನ್ನ ಬೆರಳಿನ ಸರದಿ. ಅವರದ್ದೇ ಕಾಯಿಲೆ ಅಲ್ಲ, ಇದು ವಯಸ್ಸಿನದ್ದು ಅನ್ನುತ್ತಾರೆ. ನೋವಿಗೆ ಆ ವ್ಯತ್ಯಾಸ ಗೊತ್ತಿದ್ದ ಹಾಗೆ ಕಾಣುವುದಿಲ್ಲ. ಇದನ್ನು ಬರೆಯಲು ಹನ್ನೊಂದು ದಿನ ಹಿಡಿಯಿತು. ಎರಡು ದಿನ ಪೆನ್ನು ಹಿಡಿಯಲೇ ಆಗಲಿಲ್ಲ, ಒಂದು ದಿನ ಮೂರೇ ಸಾಲು. ಮೊಮ್ಮಗಳು ಬಂದು ನೋಡಿ, "ಅಜ್ಜಿ, ಫೋನಿಗೆ ಹೇಳಿ ಸಾಕು, ಅದೇ ಟೈಪ್ ಮಾಡ್ತದೆ. ಇಲ್ಲದಿದ್ರೆ ನಾನು ಬರ್ದು ಕೊಡ್ತೇನೆ," ಅಂದಳು. ಒಳ್ಳೆಯ ಹುಡುಗಿ. ಬೇಡ ಅಂದೆ. ಅಕ್ಷರ ವಾಲಿದೆ, ಕೆಲವು ಕಡೆ ಓದಲು ಕಷ್ಟವಾಗಬಹುದು. ನೋಡಿ ಪೂರಾ ಬಿಚ್ಚಿ ಪುನಃ ಮಾಡು ಅನ್ನಬೇಕಾದವರು ಈಗ ಇಲ್ಲ, ಆ ಜಾಗ ಖಾಲಿಯೇ ಉಳಿದಿದೆ. ಉಳಿದವರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅನ್ನಿ. ನನ್ನ ಕೈಯ ಪರವಾಗಿ ದಯವಿಟ್ಟು ಯಾರೂ ಎದ್ದು ನಿಲ್ಲಬೇಡಿ.